ಯಂಕೋಬನ ಆಫೀಸಿನ ಮಷೀನು

ದಢೇಸುಗೂರಿನ ಯಂಕೋಬ ಬೀಡಿ ಬಿಟ್ಟ ಸಂಗತಿ ಊರಿಗೆಲ್ಲ ಗೊತ್ತಿತ್ತು. ಗೊತ್ತಾಗದೆ ಇರಲು ಅವನು ಯಾರನ್ನಾದರೂ ಬಿಟ್ಟಿದ್ದರೆ ತಾನೆ. ಊರ ಶಾಲೆಯಲ್ಲಿ ತಂಬಾಕು ವಿರೋಧಿ ದಿನ ಆಚರಿಸಿದಾಗ ಹೆಡ್‌ಮಾಸ್ತರು ಅವನನ್ನೇ ಕರೆಸಿ ಭಾಷಣ ಮಾಡಿಸಿದ್ದರು. ಇಪ್ಪತ್ತಾರು ವರ್ಷ ಸೇದಿದ್ದನ್ನು ಒಂದೇ ಮುಂಜಾನೆ ಬಿಟ್ಟೆ, ಮನಸ್ಸು ಗಟ್ಟಿ ಇದ್ದರೆ ಬಾಯಿಗೆ ಏನೂ ಬೇಕಾಗುವುದಿಲ್ಲ ಎಂದು ಅವನು ಕೈ ಎತ್ತಿ ಹೇಳಿದಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಹೆಂಡತಿ ರೇಣುಕಾದೇವಿ ಮಾತ್ರ ತಟ್ಟಲಿಲ್ಲ. ಆಕೆಯ ಕೈಚೀಲದಲ್ಲಿ ಆಗ ಗಂಡನ ಹಬೆ ಮಷೀನು ಇತ್ತು. ವೇದಿಕೆ ಹತ್ತುವಾಗ ಜೇಬು ಉಬ್ಬಿ ಕಾಣುತ್ತದೆಂದು ಅವನೇ ಕೊಟ್ಟು ಹೋಗಿದ್ದ.

ಹಬೆ ಮಷೀನು ಅಂದರೆ ದಪ್ಪ ಪೆನ್ನಿನಷ್ಟು ಗಾತ್ರದ ಒಂದು ವಸ್ತು ಎಂದು ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ನೆಟ್ಟಗೆ ಹೇಳಬೇಕೆಂದರೆ, ಒಣಗಿದ ಸೊಪ್ಪನ್ನು ಅದರ ಸಣ್ಣ ಗುಳಿಯಲ್ಲಿ ತುಂಬಬೇಕು, ಗುಂಡಿ ಒತ್ತಬೇಕು. ಅದು ಸೊಪ್ಪನ್ನು ಸುಡುವುದಿಲ್ಲ, ಕಾಯಿಸುತ್ತದೆ. ಆಗ ಬರುವ ಹಬೆಯನ್ನು ಬಾಯಿಂದ ಎಳೆದುಕೊಳ್ಳಬೇಕು. ಯಂಕೋಬ ಅದರಲ್ಲಿ ತುಳಸಿ ಹಾಕುತ್ತಿದ್ದ, ಅಜವಾನ ಹಾಕುತ್ತಿದ್ದ. ಇದನ್ನು ಅವನಿಗೆ ತರಿಸಿಕೊಟ್ಟವನು ಲಿಂಗಸುಗೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಹೆಂಡತಿಯ ತಮ್ಮ ದುರುಗೇಶ.

ತೊಂದರೆ ಏನೆಂದರೆ ಆ ಪೆನ್ನಿನಲ್ಲಿ ರುಚಿ ಇರಲಿಲ್ಲ. ತುಳಸಿ ಹಾಕಿದರೂ ಸುಟ್ಟ ಚಪ್ಪಲಿ, ಪುದೀನ ಹಾಕಿದರೂ ಸುಟ್ಟ ಚಪ್ಪಲಿ. ಎರಡು ತಿಂಗಳು ಚಪ್ಪಲಿ ಎಳೆದ ಮೇಲೆ ಯಂಕೋಬ ಒಂದು ಭಾನುವಾರ ಬಸ್ಸು ಹತ್ತಿ, ಸಿಂಧನೂರಿನಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ತಾನು ದಿನಾ ಕೆಲಸಕ್ಕೆ ಹೋಗುವ ಮಸ್ಕಿಯನ್ನು ಕಿಟಕಿಯಿಂದ ನೋಡುತ್ತಾ ದಾಟಿ, ಲಿಂಗಸುಗೂರು ತಲುಪಿದ.

ದುರುಗೇಶ ರೋಗಿಯನ್ನು ನೋಡುವ ಡಾಕ್ಟರಂತೆ ಪೆನ್ನನ್ನು ಬಿಚ್ಚಿ ಮೂಸಿದ.

"ಮಾಮಾ, ನಿಂದು ಹಂಚು. ಸೊಪ್ಪು ಬಿಸಿ ಗ್ವಾಡಿಗೆ ಹತ್ತಿ ಹೊತ್ತತೈತಿ. ನಿನಗ ಬೇಕಾಗಿದ್ದು ಭಟ್ಟಿ. ಚುರುಮುರಿ ಭಟ್ಟಿ ನೋಡಿಲ್ಲೇನು, ಬಿಸಿ ಎಲ್ಲಾ ಕಾಳಿಗೂ ಬರೋಬರಿ ಹತ್ತತೈತಿ, ಒಂದೂ ಸೀಯೂದಿಲ್ಲ."

ಹಾಗೆಂದು ಅವನು ಭಟ್ಟಿ ಜಾತಿಯ ಎರಡು ಮಷೀನು ಮುಂದಿಟ್ಟ. ಎರಡರಲ್ಲೂ ಬಿಸಿ ಗಾಳಿ ಸೊಪ್ಪಿನ ನಡುವೆ ಹಾದು ಬರುತ್ತಿತ್ತು. ಒಂದಕ್ಕೆ ಬಣ್ಣ ಬಣ್ಣದ ದೀಪಗಳಿದ್ದವು, ಫೋನಿಗೆ ಜೋಡಿಸಿದರೆ ಮಾತು ಕೇಳುತ್ತಿತ್ತು. ಇನ್ನೊಂದು ಅಂಗೈಯಗಲದ ಕರಿ ಡಬ್ಬಿ. ಮೇಲೆ ಮುಚ್ಚಳವಿರುವ ಗುಳಿ, ಎದುರಿಗೆ ಬಿಸಿ ಎಷ್ಟಿದೆ ಎಂದು ತೋರಿಸುವ ಮೂರು ಅಂಕಿ, ಏರಿಸಲು ಇಳಿಸಲು ಎರಡು ಗುಂಡಿ. ಯಂಕೋಬ ಬಹಳ ಹೊತ್ತು ಯೋಚಿಸಿದ. ದೀಪದ ಮಷೀನು ಚೆಂದವಿತ್ತು, ಆದರೆ ಊರಲ್ಲಿ ಯಾರಾದರೂ ನೋಡಿದರೆ ಭಾಷಣದ ಗತಿಯೇನು. ಕರಿ ಡಬ್ಬಿ ನೋಡಲು ಆಫೀಸಿನ ಸಾಮಾನಿನಂತಿತ್ತು. ಮಸ್ಕಿಯ ಒಂದು ಸರ್ಕಾರಿ ಕಚೇರಿಯಲ್ಲಿ ಬಂದ ಕಾಗದ, ಹೋದ ಕಾಗದಗಳಿಗೆ ನಂಬರು ಹಾಕುವ ಗುಮಾಸ್ತನ ಕೈಯಲ್ಲಿ ಇಂಥ ಡಬ್ಬಿ ಇದ್ದರೆ ಯಾರೂ ಏನೂ ಕೇಳುವುದಿಲ್ಲ. ಹೀಗೆ ರುಚಿಗಾಗಿ ಹೋದವನು ಮಾನ ನೋಡಿ ಮಷೀನು ಆರಿಸಿದ. ಮುಂದೆ ಆದದ್ದಕ್ಕೆಲ್ಲ ಇದೇ ಕಾರಣ.

ರುಚಿಯನ್ನೂ ಮರೆಯಲಿಲ್ಲ ಎನ್ನಿ. ಪ್ಲಾಸ್ಟಿಕ್ ಬಾಯಿಂದ ಎಳೆದರೆ ಪ್ಲಾಸ್ಟಿಕ್ ರುಚಿಯೇ ಬರುತ್ತದೆ ಎಂದು ದುರುಗೇಶ ಗಾಜಿನ ಕೊಳವೆಯೊಂದನ್ನು ಬೇರೆಯಾಗಿ ಕೊಟ್ಟ. ಗುಳಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿದ. ಸೊಪ್ಪನ್ನು ಹಿಟ್ಟು ಮಾಡಬಾರದು, ರವೆಯಂತೆ ಇರಬೇಕು ಎಂದು ತಿಳಿಹೇಳಿದ.

ಅಂದಿನಿಂದ ಯಂಕೋಬನ ಸಂಶೋಧನೆ ಶುರುವಾಯಿತು. ಹಳೇ ರಿಜಿಸ್ಟರಿನ ಹಿಂಬದಿಯ ಹಾಳೆಯಲ್ಲಿ ಅವನು ಬರೆದಿಟ್ಟಿದ್ದು ಹೀಗಿದೆ: ತುಳಸಿ 160, ಗುಡಿ. ಪುದೀನ 170, ಹಲ್ಲಿನ ಪೇಸ್ಟು. ಅಜವಾನ 175, ಬಾಣಂತಿ ಕೋಣೆ. ವೀಳ್ಯದೆಲೆ 190, ಮದುವೆ ಮನೆ, ಮೂರನೇ ದಿನ. ಚಪ್ಪಲಿ ಎಲ್ಲೂ ಇರಲಿಲ್ಲ. ಆದರೂ ಪ್ರತಿ ಸಾಲಿನ ಕೊನೆಗೆ 'ಇನ್ನೂ ಏನೋ ಕಮ್ಮಿ' ಎಂದು ಷರಾ ಇತ್ತು. ಹಿತ್ತಲ ಕಟ್ಟೆಯ ತುಳಸಿ ಬೋಳಾಯಿತು. ದೇವರಿಗೆ ನಾಲ್ಕು ಎಲೆಯಾದರೂ ಉಳಿಸಬೇಕೆಂದು ರೇಣುಕಾದೇವಿ ಕೇಳಿಕೊಂಡಳು. ಅವನು ಎರಡು ಉಳಿಸಿದ.

ಸುಗ್ಗಿ ಬಂತು. ಕಾಲುವೆಯ ಉದ್ದಕ್ಕೂ ಭತ್ತ ಕೊಯ್ಲಾಗಿ ಊರ ಮುಂದಿನ ಡಾಂಬರು ರಸ್ತೆಯ ಅರ್ಧ ಭಾಗ ಭತ್ತದ ಹಾಸಿಗೆಯಾಯಿತು. ಒಂದು ಸಂಜೆ ಯಂಕೋಬ ಹಿತ್ತಲ ಬಣವೆಯ ಮರೆಯಲ್ಲಿ ಕೂತು ಮಷೀನು ಕಾಯಿಸುತ್ತಿದ್ದಾಗ ಪಕ್ಕದ ಮನೆಯ ಗದ್ದೆಪ್ಪ ಹಗ್ಗ ಕೇಳಲು ಬಂದ. ಯಂಕೋಬ ಗಾಜಿನ ಕೊಳವೆಯನ್ನು ಲುಂಗಿಯ ಮಡಿಕೆಗೆ ಸೇರಿಸುವಷ್ಟು ಚುರುಕಾಗಿದ್ದ. ಡಬ್ಬಿಯನ್ನು ಬಚ್ಚಿಡುವಷ್ಟು ಚುರುಕಾಗಿರಲಿಲ್ಲ.

"ಏನಲೇ ಯಂಕೋಬ ಅದು?"

"ಆಫೀಸಿಂದು."

"ಗವರ್ಮೆಂಟ್ ಮಷೀನೇನು?"

"ಆಫೀಸು ಅಂದ ಮ್ಯಾಲೆ ಮತ್ತೇನು."

ಗದ್ದೆಪ್ಪ ಬಗ್ಗಿ ನೋಡಿದ. ಗುಳಿ ಇದೆ, ಮುಚ್ಚಳ ಇದೆ, 170 ಎಂದು ಅಂಕಿ ಉರಿಯುತ್ತಿದೆ. ಈ ಭಾಗದಲ್ಲಿ ಹುಟ್ಟಿದವರಿಗೆ ಇಷ್ಟು ಸಾಕು. ಭತ್ತದ ಹಸಿ ಅಳೆಯುವ ಮಾಯಿಶ್ಚರ್ ಮಷೀನು ಇಲ್ಲಿ ಮಗುವಿಗೂ ಗೊತ್ತು. ಒಂದು ಹಿಡಿ ಭತ್ತ ಹಾಕಿ ಗುಂಡಿ ಒತ್ತಿದರೆ ಅಂಕಿ ಬರುತ್ತದೆ. ಹದಿನೇಳರ ಮೇಲೆ ಬಂದರೆ ವ್ಯಾಪಾರಿ ಮೋರೆ ತಿರುಗಿಸುತ್ತಾನೆ, ಹದಿನಾಲ್ಕಕ್ಕೆ ಇಳಿದರೆ ಚಹಾ ತರಿಸುತ್ತಾನೆ. ಮಷೀನು ಮಾತ್ರ ಯಾವಾಗಲೂ ವ್ಯಾಪಾರಿಯದೇ. ಅದರ ಮೇಲೆ ರೈತರಿಗೆ ಎಷ್ಟು ಭರೋಸೆ ಇದೆ ಎಂದು ಬರೆಯುವ ಅಗತ್ಯವಿಲ್ಲ. ಗದ್ದೆಪ್ಪ ಹಗ್ಗ ಮರೆತು ಹೋದ. ಗಂಡಾಂತರ ಕಳೆಯಿತೆಂದು ಯಂಕೋಬ ಕೊಳವೆ ಹೊರಗೆ ತೆಗೆದ.

ಮರುದಿನ ಬೆಳಿಗ್ಗೆ ಅವನು ಹಲ್ಲುಜ್ಜಲು ಹೊರಗೆ ಬಂದಾಗ ಕಟ್ಟೆಯ ಮೇಲೆ ಒಂಬತ್ತು ಜನ ಟವೆಲ್ಲಿನ ಅಂಚಿನಲ್ಲಿ ಭತ್ತ ಕಟ್ಟಿಕೊಂಡು ಕೂತಿದ್ದರು. ಮುಂದಿದ್ದ ಗದ್ದೆಪ್ಪ ಎದ್ದು ನಿಂತು ನಮಸ್ಕಾರ ಮಾಡಿದ. ನಲವತ್ತು ವರ್ಷದಿಂದ ಲೇ ಎನ್ನುತ್ತಿದ್ದವನು "ಜರಾ ನೋಡ್ರಿ ಸಾಹೇಬ್ರ" ಎಂದಾಗ ಯಂಕೋಬನ ಬಾಯಲ್ಲಿದ್ದ ಪೇಸ್ಟು ಗಂಟಲಿಗೆ ಇಳಿಯಿತು. ನಿಜ ಹೇಳಲು ಆಗಿನ್ನೂ ಸಮಯವಿತ್ತು. ಆದರೆ ನಿಜ ಹೇಳುವುದೆಂದರೆ ಭಾಷಣವನ್ನು ವಾಪಸು ತೆಗೆದುಕೊಳ್ಳುವುದು. ಚಾರ್ಜಿಲ್ಲ ಎಂದ. ಗದ್ದೆಪ್ಪನೇ ಒಳಗೆ ಹೋಗಿ, ಗೋಡೆಗೆ ಸಿಕ್ಕಿಸಿದ್ದ ಮಷೀನನ್ನು ತಂದು, ಚಾರ್ಜು ತುಂಬಿದೆ ಎಂದು ಎಲ್ಲರಿಗೂ ತೋರಿಸಿದ.

ಗುಳಿಯಲ್ಲಿ ಎಂಟು ಕಾಳು ಹಿಡಿದವು. ಗುಂಡಿ ಒತ್ತಿದ ಮೇಲೆ ಅಂಕಿ 28ರಿಂದ ಏರತೊಡಗಿತು. 60, 90, 120. ಒಂಬತ್ತು ಜನ ಉಸಿರು ಹಿಡಿದರು. ಯಂಕೋಬ ಹಿಂದಿನ ಸಂಜೆ ಇಟ್ಟಿದ್ದ 170ಕ್ಕೆ ಅದು ನಿಂತಾಗ ಎಲ್ಲರೂ ಉಸಿರು ಬಿಟ್ಟರು. ಹದಿನೇಳು ಎಂದು ಗದ್ದೆಪ್ಪ ಘೋಷಿಸಿದ. ಕೊನೆಯ ಸೊನ್ನೆ ಲೆಕ್ಕಕ್ಕಿಲ್ಲ, ಸರ್ಕಾರದವರು ಚುಕ್ಕಿ ಹಾಕುವ ಗೋಜಿಗೆ ಹೋಗಿಲ್ಲ ಎಂದು ವಿವರಿಸಿದ. ಅಂಕಿ ನಿಂತ ಕೂಡಲೇ ಯಂಕೋಬ ಕಾಳು ಸುರುವಿ ಮುಂದಿನವರದನ್ನು ಹಾಕುತ್ತಿದ್ದ. ಎರಡನೆಯವನದೂ ಹದಿನೇಳು. ಒಂಬತ್ತನೆಯವನದೂ ಹದಿನೇಳು. ಇದರಿಂದ ಯಾರಿಗಾದರೂ ಅನುಮಾನ ಬರಬೇಕಿತ್ತು. ಬಂದದ್ದು ಸಂತೋಷ.

"ಸಾವುಕಾರನ ಮಷೀನು ಮಾರಿ ನೋಡಿ ಅಳಿತೈತಿ," ಎಂದ ಗದ್ದೆಪ್ಪ. "ಇದು ನೋಡ್ರಿ, ಎಲ್ಲಾರಿಗೂ ಒಂದ."

ಮೂರು ದಿನದಲ್ಲಿ ಯಂಕೋಬನ ಜೀವನ ಬದಲಾಯಿತು. ಮಸ್ಕಿಗೆ ಹೋಗುವಾಗ ಬಸ್ಸಿನಲ್ಲಿ ಜನ ಎದ್ದು ಸೀಟು ಕೊಟ್ಟರು. ಸಂಜೆ ಮನೆಗೆ ಬಂದರೆ ಕಟ್ಟೆ ತುಂಬಿರುತ್ತಿತ್ತು. ರೇಣುಕಾದೇವಿ ಚಹಾ ಮಾಡಿ ಮಾಡಿ ಸುಸ್ತಾದಳು. ತುಳಸಿ ಎಳೆಯಲು ಮಾತ್ರ ಪುರಸೊತ್ತು ಸಿಗಲಿಲ್ಲ. ಸಿಕ್ಕಾಗ ಭತ್ತದ ದೂಳಿನ ರುಚಿ ಬಂತು.

ನಾಲ್ಕನೇ ದಿನ ಕಚೇರಿಯಲ್ಲಿ ಅವನು ಒಡೆದ ಮೊದಲ ಲಕೋಟೆಯಲ್ಲಿ ಪಕ್ಕದ ಹಳ್ಳಿಯವರ ಅರ್ಜಿ ಇತ್ತು. ತಮ್ಮ ಕಚೇರಿಯಿಂದ ದಢೇಸುಗೂರಿಗೆ ದಯಪಾಲಿಸಿದ ಮಷೀನಿನಂಥದ್ದೇ ಒಂದನ್ನು ನಮಗೂ ದಯಪಾಲಿಸಬೇಕು, ಇಪ್ಪತ್ತೆರಡು ಸಹಿ, ಏಳು ಹೆಬ್ಬೆಟ್ಟು. ಯಂಕೋಬ ನಿಯಮದಂತೆ ಅದಕ್ಕೆ ನಂಬರು ಹಾಕಿದ, ಮೊಹರು ಒತ್ತಿದ, ಕಾಗದಗಳ ತೀರ ಕೆಳಗೆ ಇಟ್ಟ. ಅನುಪಮಾ ಮೇಡಂ ಅವನ ಮೇಲಧಿಕಾರಿ. ಅವರು ಅಂದು ಕಾಗದಗಳನ್ನು ಕೆಳಗಿನಿಂದ ನೋಡತೊಡಗಿದರು. ಮಧ್ಯಾಹ್ನ ಅರ್ಜಿ ವಾಪಸು ಬಂತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಹೀಗಿತ್ತು: ಇದು ಯಾವ ಮಷೀನು? ಶ್ರೀ ಯಂಕೋಬ ಅದೇ ಊರಿನವರಾದ್ದರಿಂದ ಪರಿಶೀಲಿಸಿ ಸೋಮವಾರ ವರದಿ ಕೊಡುವುದು.

ಸೋಮವಾರಕ್ಕೆ ಮೊದಲು ಭಾನುವಾರ ಬಂತು, ಭಾನುವಾರದ ಜೊತೆಗೆ ಮೋಡ ಬಂತು. ಎಲ್ಲೋ ಸಮುದ್ರದಲ್ಲಿ ಗಾಳಿ ಎದ್ದಿದೆ, ಸಂಜೆಯೊಳಗೆ ಮಳೆ ಎಂದು ಎಲ್ಲರ ಫೋನೂ ಹೇಳುತ್ತಿತ್ತು. ಯಂಕೋಬನ ಕಟ್ಟೆಯ ಮೇಲೆ ಅರ್ಧ ಊರು ನೆರೆಯಿತು. ಸಿಂಧನೂರಿನ ವ್ಯಾಪಾರಿಯೊಬ್ಬರ ಗುಮಾಸ್ತ ಶಿವಪ್ರಸಾದನೂ ಬೈಕಿನಲ್ಲಿ ಬಂದು ನಿಂತ. ಇಸ್ತ್ರಿ ಅಂಗಿ, ಹೆಗಲಿಗೆ ತನ್ನ ಮಷೀನಿನ ಚೀಲ. ಸರ್ಕಾರಿ ಮಷೀನನ್ನು ಒಮ್ಮೆ ನೋಡಿಕೊಂಡು ಬಾ ಎಂದು ಸಾವುಕಾರರು ಕಳಿಸಿದ್ದರು. ಜನ ಅವನಿಗೆ ದಾರಿ ಬಿಟ್ಟರು, ಆದರೆ ಚಹಾ ಕೊಡಲಿಲ್ಲ.

ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದವಳು ಪಕೀರಮ್ಮ. ವಯಸ್ಸು ಅರವತ್ತರ ಮೇಲೆ, ಗಂಡನಿಲ್ಲ, ಮಕ್ಕಳಿಲ್ಲ, ಪಾಲಿಗೆ ಮಾಡಿದ ಎರಡು ಎಕರೆಯ ಭತ್ತವೆಲ್ಲ ರಸ್ತೆಯ ಮೇಲಿತ್ತು. ಏಳು ದಿನದಿಂದ ಅದನ್ನು ಕಾಲಾಡಿಸುತ್ತಾ ಅದರ ಪಕ್ಕದಲ್ಲೇ ಮಲಗುತ್ತಿದ್ದಳು. ಮಳೆಗೆ ಹೊದಿಸಲು ಇದ್ದ ಒಂದು ತಾಡಪತ್ರಿಯಲ್ಲಿ ಹಾಳೆಗಿಂತ ತೂತು ಜಾಸ್ತಿ. ಮೊನ್ನೆ ಮುಂಜಾನೆ ಶಿವಪ್ರಸಾದ ಅಳೆದು ಹತ್ತೊಂಬತ್ತು ಎಂದಿದ್ದ. ಹಸಿ ಇದ್ದದ್ದನ್ನು ಚೀಲ ತುಂಬಿದರೆ ಒಳಗೇ ಕಾವು ಏರಿ ಕಪ್ಪಾಗುತ್ತದೆ. ತುಂಬದೆ ಬಿಟ್ಟರೆ ಮಳೆಯ ನೀರು ಕಾಲುವೆಗೆ ಕೊಂಡೊಯ್ಯುತ್ತದೆ. ಅವಳು ತನ್ನ ರಾಶಿಯ ನಾಲ್ಕೂ ಮೂಲೆಯಿಂದ, ಅದೂ ತಳದಿಂದ ತೆಗೆದ ಕಾಳನ್ನು ತಾನೇ ಗುಳಿಗೆ ಹಾಕಿ ಮುಚ್ಚಳ ಹಾಕಿದಳು.

"ನನಗ ಹದಿನೇಳು ಹದಿನೆಂಟು ತಿಳಿಯೂದಿಲ್ಲ ಯಂಕೋಬಪ್ಪ. ಚೀಲ ತುಂಬಲೋ ಬಿಡಲೋ, ಅಷ್ಟ ಹೇಳು. ನೀ ಹೇಳಿದಂಗ ಮಾಡ್ತೀನಿ."

ಯಂಕೋಬ ನೀರು ಕುಡಿದು ಬರುತ್ತೇನೆಂದು ಒಳಗೆ ಹೋದ. ಎರಡು ಚೊಂಬು ಕುಡಿದ. ಹಿತ್ತಲ ಬಾಗಿಲು ತೆರೆದೇ ಇತ್ತು, ಅವನು ಅತ್ತ ನೋಡುವುದನ್ನು ರೇಣುಕಾದೇವಿ ನೋಡಿದಳು.

"ಸಾಲಿ ಹುಡುಗ್ರ ಮುಂದ ಹೇಳಿದ ಸುಳ್ಳಿಗೆ ಯಾರೂ ಮುಳುಗಲಿಲ್ಲ ರೀ," ಎಂದಳು. "ಇದಕ್ಕ ಆ ಮುದುಕಿ ಮುಳುಗ್ತಾಳ."

ಅಷ್ಟು ಹೇಳಿ, ಅಕ್ಕಿ ಡಬ್ಬಿಯ ಹಿಂದೆ ಅವನು ಬಚ್ಚಿಟ್ಟಿದ್ದ ಗಾಜಿನ ಕೊಳವೆಯನ್ನು ತೆಗೆದು ಕೈಗೆ ಕೊಟ್ಟಳು.

ಯಂಕೋಬ ಹೊರಗೆ ಬಂದು ಕಟ್ಟೆಯ ನಡುವೆ ನಿಂತ.

"ಇದು ಮಾಯಿಶ್ಚರ್ ಮಷೀನಲ್ಲ. ಆಫೀಸಿಂದೂ ಅಲ್ಲ. ಇದರಾಗ ನಾ ತುಳಸಿ ಸೇದತೀನಿ. ಬೀಡಿ ಬಿಟ್ಟ ಮ್ಯಾಲೆ ಬಾಯಿ ಸುಮ್ಮನ ಕೂಡಲಿಲ್ಲ. ಭಾಷಣದಾಗ ನಾ ಹೇಳಿದ್ದು ಸುಳ್ಳು."

ಗದ್ದೆಪ್ಪ ಯಂಕೋಬನನ್ನು ನೋಡಿದ, ಶಿವಪ್ರಸಾದನನ್ನು ನೋಡಿದ, ಮತ್ತೆ ಯಂಕೋಬನನ್ನು ನೋಡಿದ. ನಿಧಾನವಾಗಿ ಅವನ ಮುಖ ಅರಳಿತು. ಪಕ್ಕದವನ ಪಕ್ಕೆಗೆ ತಿವಿದ. ಆ ತಿವಿತ ಕಟ್ಟೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಿ ಹೋಯಿತು.

"ಹೌದ್ರಿ ಸಾಹೇಬ್ರ," ಎಂದ ಗದ್ದೆಪ್ಪ, ಶಿವಪ್ರಸಾದನಿಗೆ ಕೇಳುವಂತೆ. "ಸೇದೋದ ಅದು. ನಾವ್ಯಾರೂ ಅದಕ್ಕ ಭತ್ತ ಹಾಕೇ ಇಲ್ಲ." ಹೇಳುವಾಗ ಅವನ ಟವೆಲ್ಲಿನ ಗಂಟಿನಿಂದ ಭತ್ತ ಉದುರುತ್ತಿತ್ತು. ನಾವೂ ಹಾಕಿಲ್ಲ, ನಾವೂ ಹಾಕಿಲ್ಲ ಎಂದು ಉಳಿದವರೂ ದನಿ ಸೇರಿಸಿದರು.

ಇಡೀ ಬದುಕಿನಲ್ಲಿ ಜನರೆದುರು ಒಮ್ಮೆ ನಿಜ ಹೇಳಿದಾಗ ಹೀಗಾದರೆ ಮನುಷ್ಯ ಏನು ಮಾಡಬೇಕು. ಮಾಡಿ ತೋರಿಸಬೇಕು. ಯಂಕೋಬ ಕೊಳವೆಯನ್ನು ಮಷೀನಿಗೆ ಸಿಕ್ಕಿಸಿದ, ಗುಂಡಿ ಒತ್ತಿದ. ಅವಸರದಲ್ಲಿ ಏರಿಸುವ ಗುಂಡಿಯನ್ನು ಒತ್ತುತ್ತಲೇ ಹೋದ. ಅಂಕಿ 170 ದಾಟಿತು, 190 ದಾಟಿತು. ಇಪ್ಪತ್ತು ದಾಟಿತಲ್ಲ ಎಂದು ಯಾರೋ ಹಿಂದೆ ನಿಟ್ಟುಸಿರು ಬಿಟ್ಟರು. 220ರಲ್ಲಿ ಅದು ನಿಂತಿತು. ಗುಳಿಯಲ್ಲಿ ಪಕೀರಮ್ಮನ ಭತ್ತ ಇದೆ ಎನ್ನುವುದು ಯಂಕೋಬನಿಗೆ ನೆನಪೇ ಇರಲಿಲ್ಲ. ಅವನು ಕೊಳವೆಯನ್ನು ಬಾಯಿಗಿಟ್ಟು, ಊರೆಲ್ಲ ನೋಡುತ್ತಿರುವಾಗ, ಕಣ್ಣು ಮುಚ್ಚಿ ಎಳೆದ.

ಟಪ್ ಎಂದಿತು. ಸ್ವಲ್ಪ ತಡೆದು ಮತ್ತೆ ಟಪ್. ಆಮೇಲೆ ಮುಚ್ಚಳ ಕುಣಿಯತೊಡಗಿತು. ಶಿವಪ್ರಸಾದ ಎರಡು ಹೆಜ್ಜೆ ಹಿಂದೆ ಸರಿದ. ಮುಚ್ಚಳ ಹಾರಿ ರೇಣುಕಾದೇವಿಯ ರಂಗೋಲಿಯ ಮೇಲೆ ಬಿತ್ತು. ಅದರ ಹಿಂದೆಯೇ ಬೆಳ್ಳಗೆ ಅರಳಿದ ಒಂದು ಕಾಳು ಹಾರಿ ಪಕೀರಮ್ಮನ ಸೆರಗಿನಲ್ಲಿ ಕೂತಿತು.

ಯಂಕೋಬ ಕಣ್ಣು ತೆರೆಯಲಿಲ್ಲ. ಅವನ ಬಾಯಲ್ಲಿ ಹೊಸ ಭತ್ತದ, ಕಾದ ಹೊಟ್ಟಿನ, ಹಬ್ಬದ ಹಿಂದಿನ ದಿನ ಅಡುಗೆಮನೆಯಲ್ಲಿ ಅರಳು ಹುರಿಯುವಾಗ ಬೀದಿಯ ತನಕ ಬರುವ ಪರಿಮಳದ ರುಚಿ ತುಂಬಿತ್ತು. ಷರಾ ಬರೆಯಲು ಏನೂ ಕಮ್ಮಿ ಇರಲಿಲ್ಲ.

ಪಕೀರಮ್ಮ ಸೆರಗಿನ ಕಾಳನ್ನು ಎತ್ತಿ ನೋಡಿದಳು, ಬಾಯಿಗೆ ಹಾಕಿ ಅಗಿದಳು. ಗುಳಿಯಲ್ಲಿ ಉಳಿದದ್ದನ್ನು ಬೆರಳಿನಿಂದ ಕೆದಕಿದಳು. ಎಂಟರಲ್ಲಿ ಏಳು ಅರಳಿದ್ದವು.

"ಹಸಿ ಭತ್ತ ಅಳ್ಳಾಗೂದಿಲ್ಲ. ಸುಮ್ಮನ ಬೆವತು ಸೀತೈತಿ," ಎಂದಳು. "ಹರೇದಾಗ ನಾ ಹುರಿದಷ್ಟು ಅಳ್ಳು ಈ ಊರಾಗ ಯಾರೂ ಹುರಿದಿಲ್ಲ. ಒಣಗೈತಿ. ಚೀಲ ತರ್ರಿ."

ಶಿವಪ್ರಸಾದನಿಗೆ ತಡೆಯಲಾಗಲಿಲ್ಲ. ಚೀಲದಿಂದ ತನ್ನ ಮಷೀನು ತೆಗೆದು ಅವಳ ಭತ್ತವನ್ನೇ ಅಳೆದ. ಹದಿಮೂರೂವರೆ. ಮತ್ತೊಮ್ಮೆ ಅಳೆದ. ಹದಿಮೂರೂವರೆಯೇ. ಮೊನ್ನೆ ತಾನು ಇಬ್ಬನಿ ಆರುವ ಮೊದಲೇ ಮೇಲಿನ ಕಾಳು ತೆಗೆದು ಅಳೆದಿದ್ದೆ ಎಂದು ಅವನು ನೆಲ ನೋಡಿಕೊಂಡು ಒಪ್ಪಿಕೊಂಡ. ಅಷ್ಟರಲ್ಲಿ ಗದ್ದೆಪ್ಪ ಮುಚ್ಚಳ ಹುಡುಕಿ ತಂದು ತನ್ನ ಭತ್ತ ತುಂಬಿದ್ದ. ಯಂಕೋಬ ಆಸೆಯಿಂದ ಎಳೆದ. ಟಪ್ ಎನ್ನಲಿಲ್ಲ. ಕೆಸರುಗದ್ದೆಯ ರುಚಿಯ ಒದ್ದೆ ಹಬೆ ಬಂತು. ಶಿವಪ್ರಸಾದನ ಮಷೀನು ಹತ್ತೊಂಬತ್ತೂವರೆ ತೋರಿಸಿತು. ಗದ್ದೆಪ್ಪ ಏನೂ ಹೇಳದೆ ತಾಡಪತ್ರಿ ತರಲು ಓಡಿದ.

ಊರೆಲ್ಲ ರಸ್ತೆಗಿಳಿಯಿತು. ಹಸಿ ಇದ್ದ ರಾಶಿಗಳಿಗೆ ತಾಡಪತ್ರಿ ಹೊದಿಸಿ, ಪಕೀರಮ್ಮನದನ್ನು ಚೀಲ ತುಂಬಿದರು. ಶಿವಪ್ರಸಾದ ಇಸ್ತ್ರಿ ಅಂಗಿಯಲ್ಲೇ ಚೀಲದ ಬಾಯಿ ಹಿಡಿದ. ಆಗ ಅವನಿಗೆ ಚಹಾ ಸಿಕ್ಕಿತು. ನಾಲ್ಕು ಗಂಟೆಗೆ ಮೊದಲ ಹನಿ ಬಿದ್ದಾಗ ಕೊನೆಯ ಚೀಲ ಯಂಕೋಬನ ಪಡಸಾಲೆಗೆ ಬಂದಿತ್ತು. ಅಂದು ಗಂಡ ಹೆಂಡತಿ ಚೀಲಗಳ ನಡುವೆ ಒಬ್ಬರಿಗೊಬ್ಬರು ಕಾಣದಂತೆ ಕೂತು ಊಟ ಮಾಡಿದರು. ಚೀಲಗಳ ಆಚೆಯಿಂದ ರೇಣುಕಾದೇವಿ ಕೈ ಚಾಚಿ, ಅವನು ಭತ್ತ ಹಾಕಿ ಕಾಯಿಸುತ್ತಿದ್ದ ಮಷೀನು ಕೇಳಿದಳು. ಒಂದು ಸಲ ಎಳೆದು, ಇದಕ್ಕೆ ಚೂರು ಬೆಲ್ಲ ಬೇಕಿತ್ತು ಎಂದು ವಾಪಸು ಕೊಟ್ಟಳು.

ಸೋಮವಾರ ಯಂಕೋಬ ವರದಿ ಸಲ್ಲಿಸಿದ. ಸದರಿ ಮಷೀನು ಕಚೇರಿಗೆ ಸೇರಿದ್ದಲ್ಲ, ಸಹಿ ಮಾಡಿದವನ ಸ್ವಂತದ್ದು, ತುಳಸಿ ಸೇದುವುದಕ್ಕೆಂದು ತಂದದ್ದು, ಸದ್ಯ ಭತ್ತ ಅರಳಿಸಲು ಬಳಕೆಯಲ್ಲಿದೆ. ಅನುಪಮಾ ಮೇಡಂ ಎರಡು ಸಲ ಓದಿ, ಜೋಳವೂ ಆಗುತ್ತದೆಯೇ ಎಂದು ಕೇಳಿ, ಕಡತ ಮುಚ್ಚಿದರು.

ತಪ್ಪೊಪ್ಪಿಗೆಯ ವಿಷಯಕ್ಕೆ ಬಂದರೆ, ಅದನ್ನು ಊರಲ್ಲಿ ಇವತ್ತಿಗೂ ಯಾರೂ ನಂಬಿಲ್ಲ. ಸಾವುಕಾರನ ಗುಮಾಸ್ತನ ದಾರಿ ತಪ್ಪಿಸಲು ಯಂಕೋಬ ಎಂಥ ಸುಳ್ಳು ಹೇಳಿದ, ಅದನ್ನು ನಂಬಿಸಲು ಬಾಯಿಗಿಟ್ಟು ಎಳೆದೂ ತೋರಿಸಿದ ಎಂದು ಗದ್ದೆಪ್ಪ ಸಿಂಧನೂರಿನ ಚಹಾದಂಗಡಿಗಳಲ್ಲಿ ಹೇಳುತ್ತಿರುತ್ತಾನೆ. ಈ ವರ್ಷವೂ ತಂಬಾಕು ವಿರೋಧಿ ದಿನದ ಭಾಷಣ ಯಂಕೋಬನದೇ ಎಂದು ಹೆಡ್‌ಮಾಸ್ತರು ಹೇಳಿ ಕಳಿಸಿದ್ದಾರೆ.

ಹೋದ ವಾರ ಲಿಂಗಸುಗೂರಿನಿಂದ ದುರುಗೇಶ ಫೋನು ಮಾಡಿದ್ದ. ಹೊಸ ಮಷೀನು ಬಂದಿದೆ, ಕೊಳವೆಯಷ್ಟೇ ಅಲ್ಲ, ಗುಳಿಯೂ ಗಾಜಿನದೇ, ತುಳಸಿಯ ಒಂದೊಂದು ಎಲೆಯ ರುಚಿ ಬೇರೆ ಬೇರೆಯಾಗಿ ಗೊತ್ತಾಗುತ್ತದೆ ಎಂದು ಹತ್ತು ನಿಮಿಷ ವರ್ಣಿಸಿದ. ಯಂಕೋಬ ಎಲ್ಲವನ್ನೂ ಸಮಾಧಾನದಿಂದ ಕೇಳಿದ.

"ಅದೆಲ್ಲಾ ಇರಲಿ ದುರುಗೇಶ," ಎಂದ. "ಭತ್ತ ಎಷ್ಟು ಹಿಡಿತೈತಿ?"